ಕ್ಲಚ್ಚಿನ ಸದ್ದು: ನಿದಾನಕ್ಕೆ ನಿಧಾನ ಬೇಕು

ವೈದ್ಯರ ಭಾಷೆಯಲ್ಲಿ ‘ನಿದಾನ’ವೆಂದರೆ ರೋಗದ ಮೂಲವನ್ನು ಗುರುತಿಸುವುದು. ನಮ್ಮ ಆಡುಮಾತಿನಲ್ಲಿ ‘ನಿಧಾನ’ವೆಂದರೆ ಅವಸರಪಡದಿರುವುದು. ಒಂದೇ ಅಕ್ಷರದ ಅಂತರವುಳ್ಳ ಈ ಎರಡು ಮಾತುಗಳು ಒಂದನ್ನೊಂದು ಬಿಟ್ಟಿರಲಾರವೆಂಬುದನ್ನು ನಾವು ಯಾವ ವೈದ್ಯಶಾಲೆಯಲ್ಲಿಯೂ ಕಲಿಯಲಿಲ್ಲ. ಕುರ್ಲಾದ ಒಂದು ಗಲ್ಲಿಯಲ್ಲಿ, ಎಣ್ಣೆಯ ಜಿಡ್ಡು ಹಿಡಿದ ಮರದ ಮಣೆಯೊಂದರ ಮೇಲೆ ಕುಳಿತು ಕಲಿತೆವು. ಕಲಿಸಿದ ಗುರು ಒಬ್ಬ ಮುದುಕ ಮಿಸ್ತ್ರಿ. ಪಾಠಕ್ಕೆ ವಸ್ತುವಾದುದು ಒಂದು ಹಳೆಯ ಮೋಟಾರ್ ಸೈಕಲ್.

ಮೋಟಾರ್ ಸೈಕಲ್ ಎಂದೊಡನೆ ಅದು ಶೋಕಿಯ ವಸ್ತುವೆಂದು ಮೂಗು ಮುರಿಯುವ ಕಾಲ ಎಂದೋ ಕಳೆಯಿತು. ನಸುಕಿನಲ್ಲಿ ಮಾರುಕಟ್ಟೆಗೆ ಹೋಗಿ ಹೋಟೆಲಿಗೆ ತರಕಾರಿ ತರುವವನಿಗೆ, ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುವವನಿಗೆ, ವಸಯಿಯಿಂದಲೋ ಡೊಂಬಿವಲಿಯಿಂದಲೋ ಏಳೂ ಹತ್ತರ ಲೋಕಲ್ ಹಿಡಿಯಲು ಮೂರು ಮೈಲಿ ಧಾವಿಸುವ ಗುಮಾಸ್ತನಿಗೆ ಅದು ಎರಡು ಗಾಲಿಯ ಜೀವನೋಪಾಯ. ಅದರ ಹೊಟ್ಟೆಯಲ್ಲಿ ಹೊಸದೊಂದು ಸದ್ದು ಹುಟ್ಟಿತೆಂದರೆ ಅದರ ಒಡೆಯನ ಹೊಟ್ಟೆಯಲ್ಲಿಯೂ ಒಂದು ಸಂಕಟ ಹುಟ್ಟುತ್ತದೆ. ಆದುದರಿಂದ ಈ ವಿಷಯವನ್ನು ನಮ್ಮ ಓದುಗರ ಮುಂದಿಡುವುದು ಅನುಚಿತವಾಗಲಾರದೆಂದು ನಂಬಿದ್ದೇವೆ.

ನಾವು ಮಾಡಿದ ತಪ್ಪು

ನಮ್ಮ ಕಟ್ಟಡದಲ್ಲಿ ಕುಂದಾಪುರದ ಕಡೆಯ ತರುಣನೊಬ್ಬನಿದ್ದಾನೆ. ಮಾಟುಂಗದ ಹೋಟೆಲೊಂದಕ್ಕೆ ಸಪ್ಲಾಯರ್ ಆಗಿ ಬಂದವನು, ಇಂದು ಅಲ್ಲಿಯೇ ಗಲ್ಲಾದ ಮೇಲೆ ಕುಳಿತುಕೊಳ್ಳುವಷ್ಟು ಧಣಿಗಳ ವಿಶ್ವಾಸವನ್ನು ಸಂಪಾದಿಸಿದ್ದಾನೆ. ಬೆಳಗಿನ ನಾಲ್ಕೂವರೆಗೆ ಎದ್ದು ದಾದರಿನ ಮಾರುಕಟ್ಟೆಯಿಂದ ಕೊತ್ತಂಬರಿ, ಕರಿಬೇವು, ಬಾಳೆಲೆಗಳನ್ನು ತರುವುದೂ ಅವನ ಪಾಲಿನ ಕೆಲಸವೇ. ಇದಕ್ಕಾಗಿ ಅವನು ಕೊಂಡದ್ದು 150 ಸಿಸಿಯ ಒಂದು ಹಳೆಯ ಗಾಡಿ.

ಒಂದು ರಾತ್ರಿ ಅವನು ನಮ್ಮ ಬಾಗಿಲಿಗೆ ಬಂದು, “ಅಣ್ಣಾ, ಗಾಡಿ ಎಂಥದೋ ಸದ್ದು ಮಾಡ್ತದೆ. ನಿಲ್ಲಿಸಿಟ್ಟು ಇಂಜಿನ್ ಬಿಟ್ಟರೆ ಕಟಕಟ ಅಂತದೆ. ಕ್ಲಚ್ಚು ಹಿಡಿದರೆ ಇಲ್ಲ, ಬಿಟ್ಟರೆ ಉಂಟು,” ಎಂದನು.

ಅವನ ಆ ಒಂದು ಮಾತಿನಲ್ಲಿಯೇ ಅರ್ಧ ನಿದಾನವಿತ್ತು. ಆದರೆ ನಾವು ಮಾತಿನ ಮಧ್ಯದಲ್ಲಿ ಕೇಳಿಸಿದ ‘ಕ್ಲಚ್ಚು’ ಎಂಬ ಒಂದೇ ಶಬ್ದವನ್ನು ಹಿಡಿದುಕೊಂಡು, “ಹಾಗಾದರೆ ಕ್ಲಚ್ ಪ್ಲೇಟು ಹೋಗಿರಬೇಕು. ತಡಮಾಡದೆ ಹಾಕಿಸು,” ಎಂದು ತೀರ್ಪು ಕೊಟ್ಟುಬಿಟ್ಟೆವು. ಗೊತ್ತಿಲ್ಲದುದನ್ನು ಗೊತ್ತಿರುವವರಂತೆ ಹೇಳುವ ಚಾಪಲ್ಯ ನಮ್ಮಂಥ ಬರೆಯುವವರಲ್ಲಿ ತುಸು ಹೆಚ್ಚೇ ಇರುತ್ತದೆ.

ಅವನು ಸ್ಟೇಷನ್ನಿನ ಬಳಿಯ ಗ್ಯಾರೇಜಿಗೆ ಹೋಗಿ, ನಮ್ಮ ಮಾತನ್ನೇ ಅಲ್ಲಿ ಒಪ್ಪಿಸಿದನು. ಗಿರಾಕಿಯೇ ರೋಗವನ್ನೂ ಔಷಧವನ್ನೂ ಹೇಳಿದ ಮೇಲೆ ಅಲ್ಲದೆಂದು ಹೇಳುವವರು ವಿರಳ. ಅರ್ಧ ದಿನದ ಕೆಲಸ ಹೋಯಿತು. 2,400 ರೂಪಾಯಿ ಹೋಯಿತು. ಸದ್ದು ಮಾತ್ರ ಹೋಗಲಿಲ್ಲ. ಮರುದಿನ ಅದೇ ಗ್ಯಾರೇಜಿನಲ್ಲಿ, “ಇನ್ನು ಇಂಜಿನ್ ಪೂರ್ತಿ ಬಿಚ್ಚಿ ಗೇರ್ ಬಾಕ್ಸ್ ನೋಡಬೇಕು. ಹತ್ತು ಸಾವಿರ ಹಿಡಿದೀತು,” ಎಂದರಂತೆ. ಆ ಹುಡುಗನ ಕೈಯಲ್ಲಿ ಹತ್ತು ಸಾವಿರವಿತ್ತು. ಆದರೆ ಅದು ಊರಿನಲ್ಲಿ ತಾಯಿಯ ಕಣ್ಣಿನ ಪೊರೆ ತೆಗೆಸಲೆಂದು ಮೂರು ತಿಂಗಳಿನಿಂದ ಕೂಡಿಸಿಟ್ಟ ಹಣ. ಇದನ್ನು ಅವನು ನಮ್ಮನ್ನು ದೂರುವ ಧ್ವನಿಯಿಂದ ಹೇಳಲಿಲ್ಲ. ಆದುದರಿಂದಲೇ ನಮಗೆ ಹೆಚ್ಚು ನಾಚಿಕೆಯಾಯಿತು. ಬರುವ ಭಾನುವಾರ ಇಬ್ಬರೂ ಕುರ್ಲಾಕ್ಕೆ ಹೋಗುವುದೆಂದು ನಿಶ್ಚಯಿಸಿದೆವು. ಅಲ್ಲಿ ಬಲ್ಲವನೊಬ್ಬನಿದ್ದಾನೆಂದು ಹೋಟೆಲಿನ ಭಟ್ಟಿಯವನೊಬ್ಬ ಹೇಳಿದ್ದನು.

‘ಎಂಥದು’ ಅಲ್ಲ, ‘ಯಾವಾಗ’

ಮುದುಕ ಮಿಸ್ತ್ರಿ ಗಾಡಿಯನ್ನು ಮುಟ್ಟುವ ಮೊದಲು ಕೇಳಿದ ಪ್ರಶ್ನೆಯನ್ನು ನಾವು ಮರೆಯಲಾರೆವು. “ಸದ್ದು ಎಂಥದು ಎಂದು ಹೇಳಬೇಡಿ. ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ, ಅಷ್ಟು ಹೇಳಿ,” ಎಂದು ಅವನು ತನ್ನ ಹಿಂದಿಯಲ್ಲಿ ಹೇಳಿದನು. ಸದ್ದಿನ ವರ್ಣನೆ ಮನುಷ್ಯನಿಂದ ಮನುಷ್ಯನಿಗೆ ಬೇರೆ. ಒಬ್ಬನಿಗೆ ಕಟಕಟವಾದುದು ಇನ್ನೊಬ್ಬನಿಗೆ ಖಣಖಣ. ಆದರೆ ಸದ್ದಿನ ಸಮಯ ಎಲ್ಲರಿಗೂ ಒಂದೇ. ಈ ಮಾತಿನ ಮರ್ಮ ತಿಳಿಯಬೇಕಾದರೆ ಕ್ಲಚ್ಚೆಂಬುದು ಏನೆಂಬುದನ್ನು ಮೊದಲು ಸ್ವಲ್ಪದರಲ್ಲಿ ನೋಡಬೇಕು.

ಇಂಜಿನ್ ಸದಾ ತಿರುಗುತ್ತಿರುತ್ತದೆ. ಹಿಂದಿನ ಗಾಲಿ ಮಾತ್ರ ನಾವು ಬಯಸಿದಾಗ ತಿರುಗಬೇಕು. ಈ ಎರಡರ ನಡುವೆ ಕೈಹಿಡಿಸುವ, ಕೈಬಿಡಿಸುವ ಮಧ್ಯಸ್ಥನೇ ಕ್ಲಚ್ಚು. ಇಂದಿನ ಬಹುತೇಕ ಸಣ್ಣ ಗಾಡಿಗಳಲ್ಲಿ ಅದು ಇಂಜಿನ್ನಿನ ಬಲಗಡೆಯ ಮುಚ್ಚಳದೊಳಗೆ, ಎಣ್ಣೆಯಲ್ಲಿ ಮಿಂದುಕೊಂಡು ಇರುತ್ತದೆ. ಹೊರಗೆ ಡಬ್ಬಿಯಾಕಾರದ ಒಂದು ‘ಹೌಸಿಂಗ್’. ಅದರ ಬೆನ್ನಿಗೆ ರಿವೆಟ್ ಹೊಡೆದು ಕೂರಿಸಿದ ದೊಡ್ಡ ಹಲ್ಲುಚಕ್ರ. ಈ ಚಕ್ರವನ್ನು ಇಂಜಿನ್ ತಿರುಗಿಸುತ್ತದೆ. ಚಕ್ರಕ್ಕೂ ಹೌಸಿಂಗಿಗೂ ನಡುವೆ ಏಟು ತಡೆಯಲು ಚಿಕ್ಕ ಸ್ಪ್ರಿಂಗುಗಳನ್ನೋ ರಬ್ಬರ್ ತುಂಡುಗಳನ್ನೋ ಇಟ್ಟಿರುತ್ತಾರೆ. ಹೌಸಿಂಗಿನೊಳಗೆ, ನಮ್ಮ ಹೋಟೆಲುಗಳಲ್ಲಿ ಪೇರಿಸಿಟ್ಟ ತಟ್ಟೆಗಳಂತೆ, ಒಂದು ಘರ್ಷಣೆಯ ಪ್ಲೇಟು, ಒಂದು ಉಕ್ಕಿನ ಪ್ಲೇಟು, ಹೀಗೆ ಒಂದರ ಬಳಿಕ ಒಂದು. ಘರ್ಷಣೆಯ ಪ್ಲೇಟುಗಳು ಹೌಸಿಂಗಿನೊಡನೆ ತಿರುಗಿದರೆ, ಉಕ್ಕಿನವು ನಡುವಿನ ಹಬ್ಬಿನ ಮೂಲಕ ಗೇರಿನ ದಂಡವನ್ನು ತಿರುಗಿಸುತ್ತವೆ. ಬಲವಾದ ಸ್ಪ್ರಿಂಗುಗಳು ಈ ರಾಶಿಯನ್ನೆಲ್ಲ ಅದುಮಿಕೊಂಡಿರುವಾಗ ಎಲ್ಲವೂ ಒಂದಾಗಿ ತಿರುಗುತ್ತದೆ. ಎಡಗೈಯ ಹಿಡಿಯನ್ನು ಎಳೆದರೆ ಕೇಬಲ್ ಒಂದು ಸನ್ನೆಯನ್ನು ತಿರುಗಿಸಿ, ಒಂದು ಬೇರಿಂಗಿನ ಮೂಲಕ ಸ್ಪ್ರಿಂಗುಗಳ ಒತ್ತಡವನ್ನು ಸಡಿಲಿಸುತ್ತದೆ, ತಟ್ಟೆಗಳು ಬಿಡಿಬಿಡಿಯಾಗುತ್ತವೆ.

ಇಷ್ಟು ತಿಳಿದರೆ ನಮ್ಮ ತಪ್ಪು ತಾನಾಗಿಯೇ ತಿಳಿಯುತ್ತದೆ. ಪ್ಲೇಟು ಸವೆದರೆ ಅದು ಸಾಮಾನ್ಯವಾಗಿ ಕೂಗುವುದಿಲ್ಲ, ಜಾರುತ್ತದೆ. ಸೇತುವೆಯ ಏರಿನಲ್ಲಿ ಆಕ್ಸಿಲರೇಟರ್ ತಿರುವಿದಾಗ ಇಂಜಿನ್ ಬೊಬ್ಬಿಡುತ್ತದೆ, ಗಾಡಿ ಮುಂದೆ ಸಾಗುವುದಿಲ್ಲ. ಕೆಲವೊಮ್ಮೆ ಸುಟ್ಟ ವಾಸನೆಯೂ ಬರುತ್ತದೆ. ಆ ಹುಡುಗನ ಗಾಡಿ ಒಂದು ದಿನವೂ ಜಾರಿರಲಿಲ್ಲ. ಹಾಗಿದ್ದಮೇಲೆ ಪ್ಲೇಟಿನ ಮೇಲೆ ಅಪವಾದ ಹೊರಿಸಿದ್ದು ಯಾವ ನ್ಯಾಯ?

ಕೈಹಿಡಿಯ ಪರೀಕ್ಷೆ

ಮಿಸ್ತ್ರಿ ಗಾಡಿಯನ್ನು ಬಯಲಿನಲ್ಲಿ ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಇಂಜಿನ್ ಬಿಸಿಯಾಗುವ ತನಕ ಸುಮ್ಮನೆ ಬೀಡಿ ಸೇದುತ್ತ ಕುಳಿತನು. ಬಳಿಕ ಕ್ಲಚ್ಚಿನ ಹಿಡಿಯನ್ನು ಎಳೆದನು, ಸದ್ದು ನಿಂತಿತು. ಬಿಟ್ಟನು, ಸದ್ದು ಮರಳಿತು. ಹತ್ತು ಸಲ ಹೀಗೆ ಮಾಡಿದನು.

ಈ ಪರೀಕ್ಷೆಯಿಂದ ಹೊರಡುವ ದಾರಿಗಳು ಮೂರು. ಹಿಡಿಯನ್ನು ಎಳೆದಾಗ ಮಾತ್ರ ಕಿರ್ರೆಂಬ ಸದ್ದು ಹುಟ್ಟಿದರೆ, ಆಗ ಮಾತ್ರ ಕೆಲಸ ಮಾಡುವ ಅಂಗವಾದ ಒತ್ತು ಬೇರಿಂಗಿನ ಮೇಲೆ, ಅಥವಾ ಅದನ್ನು ತಳ್ಳುವ ಕಡ್ಡಿಯ ಮೇಲೆ ಸಂಶಯ ಪಡಬೇಕು. ಹಿಡಿಯನ್ನು ಎಳೆದರೂ ಬಿಟ್ಟರೂ ಸದ್ದಿನಲ್ಲಿ ಏನೂ ವ್ಯತ್ಯಾಸವಾಗದಿದ್ದರೆ ಅದು ಬಹುಮಟ್ಟಿಗೆ ಕ್ಲಚ್ಚಿನದೇ ಅಲ್ಲ. ಟ್ಯಾಪೆಟ್, ಟೈಮಿಂಗ್ ಚೈನು, ಸಡಿಲಾದ ಮುಚ್ಚಳ, ಸೈಲೆನ್ಸರಿನ ಬೋಲ್ಟು ಇವುಗಳಲ್ಲಿ ಒಂದನ್ನು ಹುಡುಕಬೇಕು. ಹಿಡಿಯನ್ನು ಎಳೆದೊಡನೆ ಸದ್ದು ನಿಲ್ಲುವುದಾದರೆ ಎರಡು ಸಾಧ್ಯತೆಗಳು: ಗೇರಿನ ದಂಡದ ಬೇರಿಂಗು, ಇಲ್ಲವೆ ಕ್ಲಚ್ ಹೌಸಿಂಗಿನ ಸಡಿಲ. ಯಾತಕ್ಕೆಂದರೆ ನ್ಯೂಟ್ರಲ್‌ನಲ್ಲಿ ಹಿಡಿ ಬಿಟ್ಟಾಗ ಗೇರಿನ ದಂಡವೂ ತಿರುಗುತ್ತಿರುತ್ತದೆ. ಎಳೆದಾಗ ಅದರ ಮೇಲಿನ ಬಲ ಹೋಗುತ್ತದೆ, ಹೌಸಿಂಗಿನ ಮೇಲೆಯೂ ಒಂದು ಒತ್ತಡ ಬಿದ್ದು ಅದರ ಅಲುಗಾಟ ಅಡಗುತ್ತದೆ.

ನಮ್ಮ ಪ್ರಕರಣ ಈ ಮೂರನೆಯದು. ಎರಡು ಸಾಧ್ಯತೆಗಳಲ್ಲಿ ಯಾವುದೆಂಬುದರ ಮೇಲೆಯೇ ಆ ಹತ್ತು ಸಾವಿರ ರೂಪಾಯಿಗಳು ನಿಂತಿದ್ದವು. ಗೇರಿನ ಬೇರಿಂಗಾದರೆ ಇಂಜಿನ್ ಬಿಚ್ಚಲೇಬೇಕು. ಹೌಸಿಂಗಾದರೆ ಬಲಗಡೆಯ ಮುಚ್ಚಳವನ್ನು ತೆಗೆದರೆ ಸಾಕು.

ಮಿಸ್ತ್ರಿ ಮೊದಲು ಇಂಜಿನ್ನಿನ ಮಂದಗತಿಯನ್ನು ಸರಿಪಡಿಸಿದನು. ಅದು ಬಹಳ ಕೆಳಗಿಳಿದು ಕುಂಟುತ್ತಿತ್ತು. ಇಂತಹ ಗಾಡಿಗಳು ನಿಂತಲ್ಲಿ ನಿಮಿಷಕ್ಕೆ ಸುಮಾರು 1,400 ಸುತ್ತು ತಿರುಗಬೇಕು. ಇಂಜಿನ್ ಕುಂಟಿದಾಗ ಒಳ್ಳೆಯ ಕ್ಲಚ್ಚೂ ಕಟಕಟಿಸುವುದುಂಟು. ಎಷ್ಟೋ ಸಲ ಆ ಒಂದು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರೆ ರೋಗವೇ ಮಾಯವಾಗುತ್ತದಂತೆ. ನಮ್ಮ ಸದ್ದು ತಗ್ಗಿತು, ಹೋಗಲಿಲ್ಲ. ಬಳಿಕ ಅವನು ವೇಗವನ್ನು ಮೆಲ್ಲನೆ ಏರಿಸಿದನು. ಕಟಕಟ ಸದ್ದು ಅಡಗಿಹೋಯಿತು. ಇಳಿಸಿದೊಡನೆ ಮತ್ತೆ ತಲೆಯೆತ್ತಿತು. ಕೆಟ್ಟ ಬೇರಿಂಗು ವೇಗ ಏರಿದಂತೆ ಗುಂಯ್‌ಗುಡುತ್ತ ತಾನೂ ಏರುತ್ತದೆ. ಸಡಿಲಾದ ಹೌಸಿಂಗು ಬಲ ಬಿದ್ದೊಡನೆ ಒಂದು ಪಕ್ಕಕ್ಕೆ ಒರಗಿಕೊಂಡು ಮೌನ ತಾಳುತ್ತದೆ. ಕೊನೆಗೆ ಉದ್ದವಾದ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿನ ಒಂದೊಂದು ಭಾಗಕ್ಕೂ ಆನಿಸಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಆಲಿಸಿದನು. ನಮಗೂ ಆಲಿಸಲು ಕೊಟ್ಟನು. ವೈದ್ಯರ ಸ್ಟೆತಾಸ್ಕೋಪಿನಂತೆಯೇ! ಬಲಗಡೆಯ ಮುಚ್ಚಳದ ನಡುವಿನಲ್ಲಿ ಸದ್ದು ಸುತ್ತಿಗೆಯ ಹಾಗೆ ಕೇಳಿಸಿತು; ಹಿಂದೆ ಗೇರ್ ಬಾಕ್ಸಿನ ಮೇಲೆ ಬಹಳ ಕ್ಷೀಣ.

ಇಷ್ಟಾದ ಮೇಲೆಯೇ ಅವನು ಎಣ್ಣೆ ಇಳಿಸಿ ಮುಚ್ಚಳ ಬಿಚ್ಚಿದ್ದು. ಹೌಸಿಂಗನ್ನು ಒಂದು ಕೈಯಲ್ಲಿ, ಹಲ್ಲುಚಕ್ರವನ್ನು ಇನ್ನೊಂದು ಕೈಯಲ್ಲಿ ಹಿಡಿದು ತಿರುಚಿದಾಗ ಎರಡೂ ಬೇರೆಬೇರೆಯಾಗಿ ಅಲುಗಿದವು. ರಿವೆಟುಗಳು ಸಡಿಲಾಗಿ, ಏಟು ತಡೆಯುವ ಸ್ಪ್ರಿಂಗುಗಳು ತಮ್ಮ ಗೂಡಿನಲ್ಲಿ ಕುಣಿಯುತ್ತಿದ್ದವು. ಹೊಸ ಪ್ಲೇಟುಗಳು ಇದನ್ನು ಹೇಗೆ ತಾನೆ ಸರಿಪಡಿಸಿಯಾವು?

ಆ ಹುಡುಗ ಗ್ಯಾರೇಜಿನಿಂದ ಹಳೆಯ ಪ್ಲೇಟುಗಳನ್ನು ಒಂದು ಚೀಲದಲ್ಲಿ ಹಾಕಿ ತಂದಿದ್ದನು. ಮಿಸ್ತ್ರಿ ಅವುಗಳ ದಪ್ಪವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದು ನೋಡಿದನು. ಎಲ್ಲವೂ ಕೈಪಿಡಿಯ ಮಿತಿಯೊಳಗೇ ಇದ್ದವು. “ಇನ್ನೂ ಒಂದೆರಡು ವರ್ಷ ಬರುತ್ತಿತ್ತು,” ಎಂದಷ್ಟೇ ಹೇಳಿ ಚೀಲವನ್ನು ಹಿಂದಿರುಗಿಸಿದನು. ನಾವು ತಲೆ ತಗ್ಗಿಸಿದೆವು.

ಬೇರೆ ಸದ್ದುಗಳು, ಬೇರೆ ಮೂಲಗಳು

ಅಂದು ಆ ಮಣೆಯ ಮೇಲೆ ಕುಳಿತು ಕೇಳಿ ತಿಳಿದ ಇನ್ನು ಕೆಲವು ಸಂಗತಿಗಳನ್ನೂ ಇಲ್ಲಿ ಹೇಳುವುದು ಉಚಿತ.

ಗಾಡಿ ಹೊರಡುವಾಗ, ಹಿಡಿಯನ್ನು ಬಿಡುತ್ತಿರುವ ಆ ಒಂದು ಕ್ಷಣದಲ್ಲಿ ಮಾತ್ರ ಕೀಚಲು ಸದ್ದೋ ನಡುಕವೋ ಬಂದರೆ ಆಗ ಪ್ಲೇಟುಗಳನ್ನು ಸಂಶಯಿಸಬಹುದು: ಘರ್ಷಣೆಯ ಪ್ಲೇಟು ಗಾಜಿನಂತೆ ನುಣುಪಾಗಿರಬಹುದು, ಉಕ್ಕಿನ ಪ್ಲೇಟು ಬಿಸಿಗೆ ಬಾಗಿರಬಹುದು, ಅಥವಾ ಹೌಸಿಂಗಿನ ಬೆರಳುಗಳಲ್ಲಿ ಕಚ್ಚು ಬಿದ್ದಿರಬಹುದು. ಕಚ್ಚು ಬಿದ್ದಲ್ಲಿ ಪ್ಲೇಟುಗಳು ಸರಾಗವಾಗಿ ಸರಿಯುವುದಿಲ್ಲ.

ಹಿಡಿ ಎಳೆಯುವಾಗ ಕೈಯ ಬಳಿಯೇ ಕಿರಿಕಿರಿ ಸದ್ದಾದರೆ ಅದು ಒಣಗಿದ ಕೇಬಲ್, ಇಲ್ಲವೆ ಹಿಡಿಯ ಕೀಲು. ಮುಂಬಯಿಯ ನಾಲ್ಕು ತಿಂಗಳ ಮಳೆಯಲ್ಲಿ ನೆನೆದ ಗಾಡಿಗಳಿಗೆ ಇದು ಸಾಮಾನ್ಯ ವ್ಯಾಧಿ. ನಾಲ್ಕು ಹನಿ ಎಣ್ಣೆ, ಅದಾಗದಿದ್ದರೆ ಒಂದು ಹೊಸ ಕೇಬಲ್, ಅಷ್ಟೇ ಚಿಕಿತ್ಸೆ. ಕೇಬಲ್ಲಿನ ಎಳೆಗಳು ಒಂದೊಂದಾಗಿ ಹರಿಯುತ್ತಿದ್ದರೆ ಮಾತ್ರ ಉದಾಸೀನ ಸಲ್ಲದು. ಅದು ಸೇತುವೆಯ ನಡುವೆಯೇ ಕೈಕೊಡುತ್ತದೆ. ಹಿಡಿಯ ತುದಿಯಲ್ಲಿ ಸ್ವಲ್ಪ ಸಡಿಲವಿರಬೇಕೆಂಬುದನ್ನೂ ನೆನಪಿಡತಕ್ಕದ್ದು. ಅನೇಕ ಸಣ್ಣ ಗಾಡಿಗಳಿಗೆ ಅದು 10ರಿಂದ 20 ಮಿಲಿಮೀಟರ್. ನಿಮ್ಮ ಗಾಡಿಯದು ಅದರ ಕೈಪಿಡಿಯಲ್ಲಿದೆ. ಸಡಿಲವೇ ಇಲ್ಲದಿದ್ದರೆ ಬೇರಿಂಗು ಸದಾ ಒತ್ತಡದಲ್ಲಿದ್ದು ಸವೆಯುತ್ತದೆ, ಪ್ಲೇಟು ಜಾರುತ್ತದೆ. ಹೆಚ್ಚಾದರೆ ಕ್ಲಚ್ಚು ಪೂರ್ತಿ ಬಿಡದೆ ಗೇರು ಹಾಕುವಾಗ ಹಲ್ಲು ಕಡಿಯುತ್ತದೆ.

ನಿಂತಲ್ಲಿ ಇಲ್ಲದ ಸದ್ದು ಓಡುವಾಗ ಮಾತ್ರ ಬಂದರೆ, ಇಂಜಿನ್ ನಿಲ್ಲಿಸಿ ಗಾಡಿಯನ್ನು ತಳ್ಳಿ ನೋಡಬೇಕು. ಆಗಲೂ ಬಂದರೆ ಅದು ಹಿಂದಿನ ಚೈನು ಜೋತುಬಿದ್ದು ಪೆಟ್ಟಿಗೆಗೆ ಬಡಿಯುತ್ತಿರುವುದೋ, ಗಾಲಿಯ ಬೇರಿಂಗೋ ಆಗಿರುತ್ತದೆ. ಕ್ಲಚ್ಚಿಗೂ ಅದಕ್ಕೂ ಸಂಬಂಧವಿಲ್ಲ.

ಎಣ್ಣೆಯ ವಿಷಯವನ್ನೂ ಮರೆಯಬಾರದು. ಕ್ಲಚ್ಚು ಇಂಜಿನ್ನಿನ ಎಣ್ಣೆಯಲ್ಲಿಯೇ ಮುಳುಗಿರುವುದರಿಂದ, ಅಗ್ಗವೆಂದೋ ಉಳಿದಿತ್ತೆಂದೋ ಕಾರಿನ ಎಣ್ಣೆಯನ್ನು ಹಾಕುವುದು ಅಪಾಯಕರ. ಪೆಟ್ರೋಲ್ ಉಳಿತಾಯಕ್ಕೆಂದು ಅದರಲ್ಲಿ ಬೆರೆಸುವ ಜಾರು ದ್ರವ್ಯಗಳು ಪ್ಲೇಟುಗಳನ್ನೂ ಜಾರಿಸುತ್ತವೆ. ಡಬ್ಬಿಯ ಮೇಲೆ ‘ಜಾಸೊ ಎಂ.ಎ.’ ಎಂಬ ಗುರುತಿರುವ ಎಣ್ಣೆಯೇ ಇಂತಹ ಕ್ಲಚ್ಚಿಗೆ ತಕ್ಕುದು, ‘ಎಂ.ಬಿ.’ ಎಂಬುದು ಎಣ್ಣೆಯಲ್ಲಿ ಕ್ಲಚ್ಚಿಲ್ಲದ ಸ್ಕೂಟರುಗಳಿಗೆ.

ಎಲ್ಲ ಸದ್ದೂ ರೋಗವಲ್ಲ

ಸದ್ದು ಮಾಡುವ ಯಂತ್ರವೆಲ್ಲ ಕೆಟ್ಟುದೆಂದು ತಿಳಿಯುವುದೂ ಭ್ರಮೆಯೇ. ಇಟಲಿಯ ಡುಕಾಟಿ ಗಾಡಿಗಳ ಹಲವು ಮಾದರಿಗಳಲ್ಲಿ ಎಣ್ಣೆಯಿಲ್ಲದ ಒಣ ಕ್ಲಚ್ಚು ಇತ್ತು. ಹಿಡಿ ಎಳೆದೊಡನೆ ಅದರ ತಟ್ಟೆಗಳು ಖಣಖಣಿಸುತ್ತಿದ್ದವು. ಅದೇ ಆ ಗಾಡಿಯ ಗುರುತೆಂದು ಅಭಿಮಾನಿಗಳು ಹೆಮ್ಮೆಪಡುತ್ತಿದ್ದರು! 1955ರಿಂದ ಮದರಾಸಿನಲ್ಲಿ ಸಿದ್ಧವಾಗುತ್ತಿದ್ದ ಹಳೆಯ ಬುಲೆಟ್‌ಗಳಲ್ಲಿ ಇಂಜಿನ್ನಿನಿಂದ ಕ್ಲಚ್ಚಿಗೆ ಹಲ್ಲುಚಕ್ರದ ಬದಲು ಎಡಗಡೆಯ ಪೆಟ್ಟಿಗೆಯೊಳಗೆ ಚೈನು ಇತ್ತು. ಅದು ಸಡಿಲಾದಾಗ ಹುಟ್ಟುವ ಸದ್ದನ್ನು ಕ್ಲಚ್ಚಿನದೆಂದು ಭ್ರಮಿಸುವುದು ಸುಲಭವಾಗಿತ್ತು.

ನಮ್ಮ ಮೈಸೂರಿನ ಗಾಡಿಯನ್ನಂತೂ ನೆನೆಯದೆ ಈ ಮಾತನ್ನು ಮುಗಿಸಲಾರೆವು. ಜೆಕೊಸ್ಲೊವಾಕಿಯದ ಪರವಾನಗಿಯಿಂದ 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸತೊಡಗಿದ ಜಾವಾ, 1970ರ ದಶಕದಿಂದ ಯೆಜ್ಡಿಯೆಂಬ ಹೆಸರಿನಿಂದ, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ದೇಶದ ಉದ್ದಗಲಕ್ಕೆ ಓಡಿತು. ಅದರಲ್ಲಿ ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರಿನ ಸನ್ನೆ. ಅದನ್ನು ಕಾಲಿನಿಂದ ಅದುಮಿದೊಡನೆ ಕ್ಲಚ್ಚು ತಾನಾಗಿ ಬಿಡುತ್ತಿತ್ತು. ಗೇರು ಬದಲಿಸಲು ಕೈಹಿಡಿಯನ್ನು ಮುಟ್ಟಬೇಕೆಂದೇ ಇರಲಿಲ್ಲ. ಹೊಸಬನ ಕೈಗೆ ಆ ಗಾಡಿ ಸಿಕ್ಕಿದರೆ ಅದರ ಸಹಜ ಸ್ವರವನ್ನೇ ರೋಗವೆಂದು ತಿಳಿದು ಬಿಚ್ಚಿ ಹರವುವುದುಂಟು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಬೇರೆಯವರ ಕೈಯಿಂದ ಮತ್ತೆ ಮಾರುಕಟ್ಟೆಗೆ ಬಂದಿವೆ. ಆದರೆ ಆ ಹಳೆಯ ಜಾಣ ಸನ್ನೆ ಅವುಗಳಲ್ಲಿಲ್ಲ.

ಹಾಗಾದರೆ ಅಪಾಯದ ಸದ್ದು ಯಾವುದು? ಮಿಸ್ತ್ರಿ ಹೇಳಿದ ಲಕ್ಷಣಗಳು ಇವು: ದಿನದಿಂದ ದಿನಕ್ಕೆ ಏರುವುದು, ಒಮ್ಮಿಂದೊಮ್ಮೆಗೆ ಹುಟ್ಟುವುದು, ಗೇರು ಹಾಕಲು ಅಡ್ಡಿ ಮಾಡುವುದು, ಇಳಿಸಿದ ಎಣ್ಣೆಯಲ್ಲಿ ಬೆರಳಿಗೆ ಸಿಗುವಂಥ ಲೋಹದ ಚೂರು ಕಾಣುವುದು. ಇವುಗಳಲ್ಲಿ ಒಂದಿದ್ದರೂ ಗಾಡಿಯನ್ನು ಓಡಿಸದೆ ತಳ್ಳಿಕೊಂಡು ಹೋಗುವುದೇ ಲೇಸು. ಸಡಿಲಾದ ರಿವೆಟೊಂದು ಮುರಿದು ಹಲ್ಲುಚಕ್ರಗಳ ನಡುವೆ ಸಿಕ್ಕಿದರೆ ಆಗ ಸಾವಿರದ ಮಾತು ಹೋಗಿ ಹತ್ತು ಸಾವಿರದ ಮಾತೇ ಬರುತ್ತದೆ.

ಓದುಗರಲ್ಲಿ ಬಿನ್ನಹ

ಗಾಡಿಯನ್ನು ಗ್ಯಾರೇಜಿಗೆ ಒಯ್ಯುವ ಮೊದಲು ಅದನ್ನು ಬಯಲಿನಲ್ಲಿ ನಿಲ್ಲಿಸಿ ಹತ್ತು ನಿಮಿಷ ಆಲಿಸಿರಿ. ಮುಚ್ಚಿದ ಕೋಣೆಯಲ್ಲಿ ಮಾತ್ರ ಬೇಡ. ಇಂಜಿನ್ನಿನ ಹೊಗೆ ಪ್ರಾಣಕ್ಕೆ ಅಪಾಯ. ಪಂಚೆ, ಶಾಲು, ಬೆರಳುಗಳನ್ನು ಚೈನಿನಿಂದ ದೂರವಿಡಿರಿ. ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಹಿಡಿ ಎಳೆದಾಗಲೋ ಬಿಟ್ಟಾಗಲೋ, ನಿಂತಾಗಲೋ ಓಡುವಾಗಲೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಗ್ಯಾರೇಜಿನಲ್ಲಿ ಆ ಚೀಟಿಯನ್ನು ಓದಿ ಹೇಳಿರಿ. ರೋಗದ ಹೆಸರನ್ನು ನೀವಾಗಿ ಹೇಳಬೇಡಿರಿ. ಬಿಚ್ಚುವಾಗ ಎದುರಿನಲ್ಲಿರಿ, ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ತೆಗೆದುಕೊಳ್ಳಿರಿ. ಬಿಡಿಭಾಗಗಳನ್ನು ಕುರ್ಲಾದ ಸಿ.ಎಸ್.ಟಿ. ರಸ್ತೆಯಲ್ಲಿ ಕೊಂಡರೂ ಸರಿ, ಪುಣೆಯ ನಾನಾ ಪೇಠೆ, ಚೆನ್ನೈಯ ಪುದುಪೇಟೆ, ದಿಲ್ಲಿಯ ಕರೋಲ್ ಬಾಗಿನಲ್ಲಿ ಕೊಂಡರೂ ಸರಿ, ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸಿ, ರಸೀದಿ ಪಡೆದೇ ಕೊಳ್ಳಿರಿ. ಸಿಗ್ನಲ್ಲಿನಲ್ಲಿ ಹಿಡಿಯನ್ನು ಎಳೆದುಕೊಂಡೇ ನಿಲ್ಲುವ ಅಭ್ಯಾಸವಿದ್ದರೆ ಬಿಟ್ಟು ನ್ಯೂಟ್ರಲ್ ಹಾಕಿರಿ. ಕ್ಲಚ್ಚಿನ ಆಯುಷ್ಯ ಹೆಚ್ಚುವುದು ಖಂಡಿತ.

ಹೊಸ ಹೌಸಿಂಗಿಗೂ ಕೂಲಿಗೂ ಸೇರಿ ಅಂದು 2,800 ರೂಪಾಯಿ ಆಯಿತು. ಮೊದಲಿನ 2,400 ರೂಪಾಯಿಯನ್ನು ನಾವು ಕೊಡುತ್ತೇವೆಂದರೆ ಆ ಹುಡುಗ ಒಪ್ಪಲಿಲ್ಲ. “ಅಣ್ಣಾ, ನೀವು ಹೇಳಿದ್ದು ಒಳ್ಳೆಯದಕ್ಕೇ ಅಲ್ಲವಾ?” ಎಂದನು. ಒಳ್ಳೆಯದಕ್ಕೆಂದು ಹೇಳಿದ ಮಾತಿನಿಂದಲೂ ಬಡವನ ಹಣ ಹೋಗುತ್ತದೆಂಬುದನ್ನು ಅವನು ಅರಿಯದವನಲ್ಲ. ದೊಡ್ಡ ಮನಸ್ಸಿನವನು, ಅಷ್ಟೆ. ಕೊನೆಗೆ ಅವನ ಊರಿನ ಪ್ರಯಾಣದ ಟಿಕೇಟನ್ನು ನಾವು ಕೊಂಡುಕೊಟ್ಟೆವು. ತಾಯಿಯ ಕಣ್ಣಿನ ಹಣ ಮುಕ್ಕಾಗದೆ ಊರು ಸೇರಿತು.

ಈಗ ಬೆಳಗಿನ ನಾಲ್ಕೂವರೆಗೆ ಅವನು ಗಾಡಿ ಹೊರಡಿಸುವಾಗ ನಮಗೆ ಎಚ್ಚರವಾದರೆ, ಹಾಸಿಗೆಯಲ್ಲಿಯೇ ಕಿವಿಗೊಡುತ್ತೇವೆ. ಕಟಕಟವಿಲ್ಲ. ಯಾರಾದರೂ ನಮ್ಮ ಬಳಿಗೆ ಬಂದು, “ಗಾಡಿಯಲ್ಲಿ ಎಂಥದೋ ಸದ್ದು,” ಎಂದರೆ ನಾವು ತೀರ್ಪು ಕೊಡುವುದಿಲ್ಲ. “ಯಾವಾಗ?” ಎಂದು ಕೇಳುತ್ತೇವೆ.